ದುಪ್ಪಟ್ಟು ವೇಗದ ಅಕ್ಕ

ಆ ಪ್ಲೇಯರ್ ಹುಣಸೂರಿನ ನನ್ನ ಮೇಜಿಗೆ ಬಂದಾಗ ಅದರಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಪಿರಿಯಾಪಟ್ಟಣದ ಕಡೆಯಿಂದ ಬರುವ ಎಲ್ಲ ಪ್ಲೇಯರ್‌ಗಳಿಗೂ ಒಂದಿಷ್ಟು ಹೊಗೆಸೊಪ್ಪಿನ ವಾಸನೆ ಇದ್ದೇ ಇರುತ್ತದೆ, ಅದು ದೊಡ್ಡ ವಿಷಯವಲ್ಲ. ಆದರೆ ಇದರಲ್ಲಿ ಸುಟ್ಟ ಪ್ಲಾಸ್ಟಿಕ್ಕೂ ಬೆರೆತಿತ್ತು. ಒಂದು ಪಕ್ಕ ಪೂರ್ತಿ ಕರಗಿ ಜೋತುಬಿದ್ದಿತ್ತು. ಗುಂಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ತಂದವನು ಕಣ್ಣು ಕಾಣದ ಹುಡುಗ. ಹುಡುಗ ಅಂತ ನಾನು ಅನ್ನುತ್ತೇನೆ, ಡಿಗ್ರಿ ಓದುತ್ತಿರುವವನು, ಮೀಸೆ ಬಂದಿದೆ. ಜೊತೆಗೆ ಬಂದಿದ್ದ ತಾಯಿ ಒಳಗೆ ಬರದೆ ಬಾಗಿಲಲ್ಲೇ ನಿಂತಿದ್ದರು. ಅವನು ಕೋಲನ್ನು ಗೋಡೆಗೆ ಒರಗಿಸಿ, ಪ್ಲೇಯರನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗೆ ಕೊಟ್ಟ.

"ಮೇಡಂ, ಅಕ್ಕ ಮಾತಾಡ್ತಾ ಇಲ್ಲ," ಎಂದ.

ನಾನು ಪ್ಲೇಯರನ್ನು ತಿರುವಿ ಮುರುವಿ ನೋಡುವ ಹಾಗೆ ಮಾಡಿದೆ. ಅವನ ಅಕ್ಕ ತೀರಿಕೊಂಡು ಆಗಲೇ ಒಂದು ಮಳೆಗಾಲ ಕಳೆದಿತ್ತು.

ನಾನು ಮಾಡುವ ಕೆಲಸ ಇಷ್ಟೆ. ಕಣ್ಣು ಕಾಣದವರಿಗೆ ಪುಸ್ತಕ ಕೇಳಿಸುವ ಪ್ಲೇಯರ್‌ಗಳನ್ನು ಒಂದು ಸಂಸ್ಥೆ ಎರವಲು ಕೊಡುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಅವುಗಳನ್ನು ಹಂಚುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಪಾಲಿಗೆ ಬಂದಿದೆ. ಪುಸ್ತಕಗಳನ್ನು ಯಾರೋ ಪುಣ್ಯಾತ್ಮರು ಓದಿ ರೆಕಾರ್ಡ್ ಮಾಡಿರುತ್ತಾರೆ. ಪ್ರಕಾಶಕರು ಅನುಮತಿ ಕೊಡುವಾಗ ನಕಲಾಗಬಾರದು ಅನ್ನುವ ಷರತ್ತು ಹಾಕುವುದರಿಂದ, ಆಫೀಸಿನವರು ಪ್ರತಿಯೊಂದು ಫೈಲಿಗೂ ಬೀಗ ಜಡಿಯುತ್ತಾರೆ. ಬೀಗದ ಕೀಲಿ ಆಯಾ ಪ್ಲೇಯರ್‌ನ ಒಳಗಿನ ಬೋರ್ಡಿನ ಮೇಲಿರುವ ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ ಇರುತ್ತದೆ. ಪುಸ್ತಕ ತುಂಬಿದ ಒಬ್ಬರ ಮೆಮೊರಿ ಕಾರ್ಡನ್ನು ಇನ್ನೊಬ್ಬರ ಪ್ಲೇಯರ್‌ಗೆ ಹಾಕಿದರೆ ‘ಈ ಪುಸ್ತಕ ನಿಮ್ಮದಲ್ಲ’ ಅಂತ ಮಿಷನ್ನೇ ಹೇಳುತ್ತದೆ. ಎಷ್ಟೋ ಸಲ ಆ ದನಿಗೆ ಎರಡು ಬಾರಿಸೋಣ ಅನ್ನಿಸಿದೆ.

ಈ ಹುಡುಗನ ಅಕ್ಕ ನಮ್ಮ ಓದುಗರಲ್ಲಿ ಒಬ್ಬಳು. ತಮ್ಮನಿಗೆ ಒಂದನೇ ಕ್ಲಾಸಿನಿಂದ ಪಾಠ ಓದಿ ಹೇಳಿದವಳು. ಅವನು ಪಿಯುಸಿಗೆ ಬಂದಾಗ, "ಹೆಂಗೂ ಓದ್ತೀನಲ್ಲ ಮೇಡಂ, ರೆಕಾಡ್ ಮಾಡಿದ್ರೆ ಬ್ಯಾರೇರ್ಗೂ ಆಯ್ತದೆ," ಅಂತ ತಾನಾಗಿಯೇ ಬಂದಳು. ನಾನು ಸಂಸ್ಥೆಯ ರೆಕಾರ್ಡರ್ ಕೊಟ್ಟೆ. ಊರಲ್ಲಿ ಸದ್ದಿಲ್ಲದ ಜಾಗ ಎಲ್ಲಿ ಸಿಗುತ್ತದೆ ಅನ್ನುವ ಚಿಂತೆ ನನ್ನದು. ಅವಳಿಗೆ ಆ ಚಿಂತೆಯೇ ಇರಲಿಲ್ಲ. ನೇರ ಬ್ಯಾರನ್ ಒಳಕ್ಕೆ ಹೋಗಿ ಕೂತಳು.

ಬ್ಯಾರನ್ ಅಂದರೆ ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ ಸಾಲುಸಾಲಾಗಿ ತೂಗುಹಾಕಿ, ಹೊರಗಿನಿಂದ ಉರಿ ಕೊಟ್ಟು ಹದ ಮಾಡುವ ಎತ್ತರದ ಮನೆ. ದಪ್ಪ ಗೋಡೆ, ಕಿಟಕಿ ಇಲ್ಲ. ಸೊಪ್ಪಿನ ಕಾಲ ಮುಗಿದ ಮೇಲೆ ಅದು ಖಾಲಿ ಬಿದ್ದಿರುತ್ತದೆ. ಇವಳು ಅಡ್ಡ ಗಳಗಳಿಗೆ ಗೋಣಿತಾಟು ತೂಗುಹಾಕಿ, ನಡುವೆ ಒಂದು ಸ್ಟೂಲು ಇಟ್ಟುಕೊಂಡು, ಟಾರ್ಚ್ ಬೆಳಕಲ್ಲಿ ತಮ್ಮನ ಅರ್ಥಶಾಸ್ತ್ರದ ಪುಸ್ತಕ ಓದಿದಳು. ಮೊದಲ ದಿನ ನಾನೂ ಪಕ್ಕದಲ್ಲಿ ಕೂತು ಕೇಳಿದ್ದೆ. ಅಷ್ಟು ಶುದ್ಧವಾದ ರೆಕಾರ್ಡಿಂಗ್ ನಮಗೆ ನಾಲ್ಕು ತಾಲ್ಲೂಕಿನಲ್ಲೂ ಬಂದಿರಲಿಲ್ಲ. ಯಾವ ಸ್ಟುಡಿಯೋ ಅಂತ ಆಫೀಸಿನ ಇಂಜಿನಿಯರ್ ಕೇಳಿದರು. ನಾನು ನಿಜ ಹೇಳಿದರೆ ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

ಆ ಶುದ್ಧವಾದ ಫೈಲನ್ನೂ ಆಫೀಸಿನವರು ಮತ್ತೆ ತೊಳೆದರು. ಅದು ಅವರ ಪದ್ಧತಿ. ಕೆಮ್ಮು, ಸೀನು, ಪುಟ ತಿರುಗಿಸುವ ಸದ್ದು, ನಡುವೆ ಆಡಿದ ಮಾತು, ಎಲ್ಲವನ್ನೂ ಕತ್ತರಿಸಿ ಪಾಠ ಮಾತ್ರ ಉಳಿಸುತ್ತಾರೆ. ಅವಳು ನಡುನಡುವೆ ‘ತಮ್ಮಾ, ಇದು ಪರೀಕ್ಷೆಗೆ ಬತ್ತದೆ ಕಣೋ’ ಅಂತೆಲ್ಲ ಹೇಳಿದ್ದಳಂತೆ. ಅವೆಲ್ಲ ಹೋದವು. ಆಮೇಲೆ ಬೀಗ ಬಿತ್ತು. ತಾನು ಓದಿದ ಪುಸ್ತಕವನ್ನು ತನ್ನ ಮೊಬೈಲಿನಲ್ಲಿ ಕೇಳಲು ಅವಳಿಗೇ ಆಗಲಿಲ್ಲ. "ನನ್ ದನಿಗೆ ನನ್ನೇ ನಂಬಲ್ವಲ್ಲ ನಿಮ್ಮಾಫೀಸು," ಅಂತ ನಕ್ಕಿದ್ದಳು. ಇನ್ನೂ ಒಂದೆರಡು ಪುಸ್ತಕ ಓದಿದಳು. ಆಮೇಲೆ ಒಂದು ಮಳೆಗಾಲದಲ್ಲಿ ಡೆಂಗಿ ಜ್ವರ ಬಂತು, ಮೈಸೂರಿಗೆ ಕರೆದುಕೊಂಡು ಹೋದರು, ನಾಳೆ ಬರುತ್ತಾಳೆ ಅಂತ ತಮ್ಮನಿಗೆ ಹೇಳಿದ್ದರು. ಬರಲಿಲ್ಲ.

ಅವಳು ಹೋದ ಮೇಲೆ ಇವನ ಪ್ಲೇಯರ್ ಸರ್ವಿಸಿಗೆ ಬರುವುದು ನಿಂತಿತು. ನಾನು ಫೋನ್ ಮಾಡಿದಾಗಲೆಲ್ಲ ಏನಾದರೂ ನೆಪ. "ಏನಪ್ಪಾ, ಪ್ಲೇಯರ್‌ನ ದೇವರ ಮನೇಲಿಟ್ಟು ಪೂಜೆ ಮಾಡ್ತಿದ್ದೀಯಾ?" ಅಂತ ರೇಗಿಸಿದ್ದೆ. ಕಾರಣ ನನಗೆ ಹೊಳೆದದ್ದು ತಡವಾಗಿ. ಸರ್ವಿಸಿಗೆ ಬಂದ ಪ್ಲೇಯರನ್ನು ನಾನು ಕಂಪ್ಯೂಟರಿಗೆ ಜೋಡಿಸಿದ ತಕ್ಷಣ, ಪ್ರಕಾಶಕರ ಅನುಮತಿಯ ಅವಧಿ ಮುಗಿದ ಪುಸ್ತಕಗಳು ತಾವಾಗಿಯೇ ಅಳಿಸಿಹೋಗುತ್ತವೆ. ಅವನು ಅಕ್ಕನನ್ನು ನನ್ನಿಂದ ಬಚ್ಚಿಟ್ಟಿದ್ದ.

ಕರಗಿದ ಪ್ಲೇಯರ್ ತಂದ ಆ ದಿನ ನಾನು ಅದನ್ನು ಬಿಚ್ಚುತ್ತಿದ್ದಾಗ ಹುಡುಗ ಹೊರಗೆ ನಲ್ಲಿಗೆ ಹೋದ. ತಾಯಿ ಬಾಗಿಲಿಂದ ಎರಡು ಹೆಜ್ಜೆ ಒಳಗೆ ಬಂದರು.

"ನಾನೇ ಕಣವ್ವ ಮಾಡಿದ್ದು," ಅಂದರು. "ಮಳೇಲಿ ಬ್ಯಾಗೆಲ್ಲ ನೆಂದೋಗಿತ್ತು. ಇದೂ ನೆಂದಿತ್ತು. ಒಣಗ್ಲಿ ಅಂತ ಬ್ಯಾರನ್ ಒಲೆ ಮ್ಯಾಗ್ಳ ಅಂಚ್ನಾಗಿಟ್ಟೆ."

ನನಗೆ ಅರ್ಥವಾಯಿತು. ಆ ಕಡೆ ಎಲ್ಲ ಮನೆಯವರೂ ಮಾಡುವುದೇ ಹಾಗೆ. ಬ್ಯಾರನ್ ಒಲೆಯ ಬಾಯಿಯ ಮೇಲೆ ಇಟ್ಟಿಗೆಯ ಅಂಚು ಇರುತ್ತದೆ. ಮಳೆಗಾಲದಲ್ಲಿ ಒದ್ದೆ ಚಪ್ಪಲಿ, ಸ್ವೆಟರ್, ಮಕ್ಕಳ ಪುಸ್ತಕ, ನೀರಿಗೆ ಬಿದ್ದ ಮೊಬೈಲು, ಎಲ್ಲ ಅಲ್ಲಿಯೇ ಒಣಗುವುದು. ಎಲೆ ಹಳದಿಯಾಗುವ ತನಕ ಸಣ್ಣ ಉರಿ, ಏನಿಟ್ಟರೂ ಬೆಚ್ಚಗೆ ಒಣಗುತ್ತದೆ. ಆಮೇಲೆ ದಂಟು ಒಣಗಲು ಉರಿ ಏರಿಸುತ್ತಾರೆ. ಅವತ್ತು ಸಂಜೆ ಹುಡುಗನ ತಂದೆ ಉರಿ ಏರಿಸಿದ್ದರು. ಅಂಚಿನ ಮೇಲೆ ಏನಿದೆ ಅಂತ ಅವರು ನೋಡಿರಲಿಲ್ಲ.

"ಅವ್ನಿಗೆ ಗೊತ್ತಾ?" ಅಂತ ಕೇಳಿದೆ.

"ನಾನೇಳಿಲ್ಲ. ಆದ್ರೆ ಅವ್ನು ಮೂಸ್ನೋಡ್ದ. ಗೊತ್ತಾಗ್ದೆ ಇದ್ದದಾ? ಒಂದು ಮಾತೂ ಅನ್ನಲಿಲ್ಲ ಕಣವ್ವ. ಬಯ್ದಿದ್ರೆ ಆಗಿತ್ತು." ಸೆರಗಿನಿಂದ ಬಾಯಿ ಒರೆಸಿಕೊಂಡರು. "ನಾನೊಂದಿನವೂ ಕೇಳ್ಲಿಲ್ಲ ಅದ್ನ. ಯಾವಾಗ್ಲೂ ಅವ್ನ ಕಿವೀಲಿರೋದು. ನನ್ ಮಗ್ಳು ಒಳ್ಗೆ ಓದ್ತಾ ಕೂತಿದ್ರೆ ನಾನು ಊಟಕ್ಕೆ ಕೂಗ್ತಿದ್ದೆ. ‘ಬಂದೆ ಕಣವ್ವ, ಇದೊಂದು ಪುಟ’ ಅಂತ ಅಲ್ಲಿಂದ್ಲೇ ಕೂಗೋಳು, ಎದ್ ಬತ್ತಿರ್ಲಿಲ್ಲ. ಅದೂ ಇದ್ರಾಗೆ ಅದಾ?"

ಹುಡುಗ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದ. ಆ ಪ್ರಶ್ನೆ ಅವನಿಗೂ ಕೇಳಿಸಿತು. ಅವೆಲ್ಲ ಆಫೀಸಿನಲ್ಲಿ ಕತ್ತರಿಸಿ ಹೋಗಿವೆ ಅಂತ ಅವನಿಗೂ ಗೊತ್ತು, ನನಗೂ ಗೊತ್ತು.

"ನೋಡೋಣ ಅಮ್ಮ," ಎಂದೆ.

ಮೊದಲು ಸುಲಭದ ದಾರಿ ಹಿಡಿದೆ. ಆಫೀಸಿಗೆ ಫೋನ್ ಮಾಡಿ, ಆ ಪುಸ್ತಕವನ್ನು ಹೊಸ ಪ್ಲೇಯರ್‌ಗೆ ಇನ್ನೊಮ್ಮೆ ಹಾಕಿಕೊಡಿ ಅಂತ ಕೇಳಿದೆ. ಇಂಜಿನಿಯರ್ ಹುಡುಕಿ ನೋಡಿ ಹೇಳಿದರು: "ಮೇಡಂ, ಪಠ್ಯ ಬದಲಾಯ್ತಲ್ಲ, ಆ ಪುಸ್ತಕದ ಅನುಮತಿ ಅವಧಿ ಮುಗೀತು. ಮುಗಿದ ಮೇಲೆ ಮೂಲ ಫೈಲೂ ಅಳಿಸಬೇಕು ಅಂತ ಷರತ್ತು. ಅಳಿಸಿಬಿಟ್ಟಿದ್ದೇವೆ. ಹೊಸ ಪಠ್ಯ ಬೇಕಾದ್ರೆ ಇದೆ, ಕಂಪ್ಯೂಟರ್ ದನಿಯಲ್ಲಿ."

"ಅವಳು ಓದಿದ ಬೇರೆ ಪುಸ್ತಕ?"

"ಅವೂ ಅಷ್ಟೇ. ನಿಯಮ ನಾನು ಮಾಡಿದ್ದಲ್ಲ ಮೇಡಂ." ಆಮೇಲೆ ಮೆಲ್ಲಗೆ ಅಂದರು, "ರಿಪೇರಿ ಮೀರಿ ಹಾಳಾದ ಪ್ಲೇಯರ್, ಕಾರ್ಡು ಎರಡೂ ವಾಪಸ್ ಕಳಿಸಬೇಕು. ನೀವು ಬಿಚ್ಚೋ ಹಾಗಿಲ್ಲ. ನಿಮಗೆ ಗೊತ್ತಲ್ಲ."

ಗೊತ್ತಿತ್ತು. ಅಷ್ಟು ಹೊತ್ತಿಗೆ ನಾನು ಎಲ್ಲ ಸ್ಕ್ರೂ ಬಿಚ್ಚಿ ಬಟ್ಟಲಿಗೆ ಹಾಕಿಯೂ ಆಗಿತ್ತು.

ಅವಳ ದನಿ ಬೇರೆಲ್ಲೂ ಇರಲಿಲ್ಲ. ಈ ಕಾಲದಲ್ಲಿ ಇದು ವಿಚಿತ್ರ ಅನ್ನಿಸಬಹುದು. ಆದರೆ ಒಂದೇ ಮನೆಯಲ್ಲಿ ಇರುವವರು ಒಬ್ಬರಿಗೊಬ್ಬರು ವಾಯ್ಸ್ ಮೆಸೇಜ್ ಕಳಿಸುವುದಿಲ್ಲ. ಯಾವುದೋ ಮದುವೆ ವಿಡಿಯೋದಲ್ಲಿ ಅವಳು ನಗುತ್ತಾಳೆ, ಮೇಲೆ ವಾಲಗದ ಸದ್ದು. ಗೆಳತಿಯ ಮೊಬೈಲಿನಲ್ಲಿ ಒಂದೇ ಒಂದು ಮೆಸೇಜು ಸಿಕ್ಕಿತ್ತಂತೆ: ‘ಬಸ್ ಬಂತು, ಬತ್ತಾ ಇವ್ನಿ.’ ಅಷ್ಟನ್ನೇ ಕೇಳಿ ಕೇಳಿ ಅದು ಸವೆದುಹೋಗಿದೆ ಅಂತ ಹುಡುಗ ಹೇಳಿದ. ನಮ್ಮ ರೆಕಾರ್ಡರ್ ಕೂಡ ಅವಳ ಕೈಯಿಂದ ಬಂದು, ಖಾಲಿಯಾಗಿ, ಮುಂದಿನ ಓದುಗರ ಕೈಗೆ ಹೋಗಿತ್ತು. ಉಳಿದಿದ್ದು ಈ ಕರಗಿದ ಪ್ಲೇಯರ್ ಒಂದೇ. ಅದರ ಕಾರ್ಡಿನಲ್ಲಿ ಅವಳು ಇಡಿಯಾಗಿ ಇದ್ದಳು, ಕೀಲಿ ಮಾತ್ರ ಬೆಂದ ಬೋರ್ಡಿನ ಮೇಲಿತ್ತು.

ಬ್ಯಾಟರಿ ಊದಿಕೊಂಡು ಬೋರ್ಡನ್ನು ಬಾಗಿಸಿತ್ತು. ಮೊದಲು ಅದನ್ನು ತೆಗೆದೆ. ಸ್ಪೀಕರ್ ಸುಟ್ಟಿತ್ತು. ಇಯರ್‌ಫೋನ್ ತೂತು ಇನ್ನೊಂದು ಪಕ್ಕ ಇದ್ದದ್ದರಿಂದ ಉಳಿದುಕೊಂಡಿತ್ತು. ಗುಂಡಿಗಳ ಕೆಳಗಿನ ಪದರ ಬೋರ್ಡಿಗೆ ಅಂಟಿಹೋಗಿತ್ತು. ಮೆಲ್ಲಗೆ ಕೆರೆದು ತೆಗೆದಾಗ ಅರ್ಧ ತಾಮ್ರದ ಗೆರೆಗಳು ಅದರ ಜೊತೆಗೇ ಎದ್ದುಬಂದವು. ಬೇರೆ ಬ್ಯಾಟರಿ ಬೇಕಾಗಿತ್ತು, ಅದೇ ಮಾದರಿಯದು. ಈ ಹಳೆಯ ಮಾದರಿ ನನ್ನ ಕಪಾಟಿನಲ್ಲಿ ಉಳಿದಿರಲಿಲ್ಲ. ಸಾಲಿಗ್ರಾಮದ ಒಬ್ಬರ ಹತ್ತಿರ ಇತ್ತು.

ಮಾರನೆಯ ದಿನ ಸ್ಕೂಟರ್ ಹತ್ತಿ ಕೆ.ಆರ್. ನಗರ ದಾಟಿ, ಚುಂಚನಕಟ್ಟೆಯ ಗದ್ದೆಬಯಲು ಹಾದು ಸಾಲಿಗ್ರಾಮಕ್ಕೆ ಹೋದೆ. ಅವರು ದಿನಸಿ ವ್ಯಾಪಾರ ಮಾಡಿಕೊಂಡಿದ್ದ ಹಿರಿಯರು. ಕಣ್ಣು ಮಸುಕಾದ ಮೇಲೆ ಅಂಗಡಿ ಬಿಟ್ಟು, ಹಣೆತುಂಬ ವಿಭೂತಿ ಹಚ್ಚಿಕೊಂಡು, ದಿನವಿಡೀ ಕಥೆ ಕೇಳುತ್ತ ಕೂರುತ್ತಾರೆ. ವಿಷಯ ಹೇಳಿದೆ.

"ಆ ಬ್ಯಾರನ್ ಹುಡ್ಗೀನಾ?" ಅಂದರು. "ನಂಗೂ ಒಂದು ಪುಸ್ತ್ಕ ಓದಿದ್ಲಲ್ಲ. ಚೆನ್ನಾಗ್ ಓದೋಳು, ಪಕ್ಕದಲ್ ಕೂತು ಹೇಳ್ದಂಗೆ. ಹೋದ್ಸಲ ನೀನು ವೈರ್ ಚುಚ್ಚಿದ್ಯಲ್ಲಮ್ಮ, ಆವಾಗ ಅದು ಒಂಟೋಯ್ತು."

ಅವರು ದೂರುವ ದನಿಯಲ್ಲಿ ಹೇಳಲಿಲ್ಲ. ಮಳೆ ಬಂತು, ಬಟ್ಟೆ ನೆಂದಿತು ಅನ್ನುವ ಹಾಗೆ ಹೇಳಿದರು. ನಾನು ಎಷ್ಟು ಮನೆಗಳಿಂದ ಅವಳನ್ನು ಹೀಗೆ ಒರೆಸಿಕೊಂಡು ಬಂದಿದ್ದೆನೋ ಅಂದುಕೊಂಡೆ.

"ತಗೊಂಡೋಗು," ಅಂತ ತಮ್ಮ ಪ್ಲೇಯರನ್ನು ಮಡಿಲಿಂದ ಎತ್ತಿ ಕೊಟ್ಟರು. "ಕಥೆ ಅರ್ಧಕ್ಕೆ ನಿಂತದೆ, ನಿಂತ್ಕೊಳ್ಲಿ ಬುಡು. ಅದ್ರಾಗಿರೋನು ಇನ್ನೂ ಸ್ವಲ್ಪ ದಿನ ಸಾಯ್ದೆ ಇರ್ಲಿ."

ಹುಣಸೂರಿಗೆ ಬಂದು ಅವರ ಬ್ಯಾಟರಿ ಜೋಡಿಸಿದೆ. ಅವರ ಪ್ಲೇಯರ್‌ನ ಗುಂಡಿಗಳ ಫಲಕ ಹಾಕೋಣ ಅಂದರೆ ಅದು ಕೂರುವ ಸಾಕೆಟ್ಟೇ ಕರಗಿತ್ತು. ಕೊನೆಗೆ ಚಿಮಟದ ತುದಿಯಿಂದ ಬೋರ್ಡಿನ ಮೇಲೆ ಆನ್ ಮಾಡುವ ಜಾಗದ ಎರಡು ಬಿಂದುಗಳನ್ನು ಕೂಡಿಸಿ ಹಿಡಿದೆ. ಇಯರ್‌ಫೋನಿನಲ್ಲಿ ಟಿಣ್ ಅಂತು. ಮಿಷನ್ ದನಿ, ‘ಪುಸ್ತಕ ಮುಂದುವರಿಯುತ್ತಿದೆ’ ಅಂದಿತು. ಆಮೇಲೆ ಅವಳು ಬಂದಳು.

ಅರ್ಧ ವಾಕ್ಯ. ಅದೂ ಓಡುವ ವೇಗದಲ್ಲಿ. ಅಷ್ಟರಲ್ಲಿ ಬೋರ್ಡಿನ ದೀಪ ಆರಿ ದನಿ ನಿಂತಿತು.

ವೇಗದ ವಿಷಯ ಹೇಳಬೇಕು. ಕಣ್ಣು ಕಾಣದ ಓದುಗರು, ಅದರಲ್ಲೂ ಪರೀಕ್ಷೆಗೆ ಓದುವವರು, ಪುಸ್ತಕವನ್ನು ನಾವು ಮಾತಾಡುವ ವೇಗದಲ್ಲಿ ಕೇಳುವುದಿಲ್ಲ. ದುಪ್ಪಟ್ಟು, ಕೆಲವರು ಅದಕ್ಕೂ ಜೋರಾಗಿ ಇಟ್ಟುಕೊಳ್ಳುತ್ತಾರೆ. ನಮ್ಮ ಕಿವಿಗೆ ಅದು ಹಕ್ಕಿ ಚಿಲಿಪಿಲಿ, ಅವರಿಗೆ ಸಲೀಸು. ಪ್ಲೇಯರ್‌ಗಳನ್ನು ಪರೀಕ್ಷಿಸಿ ಪರೀಕ್ಷಿಸಿ ನನಗೂ ಅಭ್ಯಾಸವಾಗಿದೆ. ಈ ಹುಡುಗ ಅಕ್ಕ ಬದುಕಿದ್ದಾಗಲೇ ಅವಳನ್ನು ದುಪ್ಪಟ್ಟು ವೇಗದಲ್ಲಿ ಕೇಳುತ್ತಿದ್ದ. "ಉಸ್ರು ತಗೊಳಕ್ಕೂ ಬುಡಲ್ವಲ್ಲಾ ನಂಗೆ," ಅಂತ ಅವಳು ಬೈಯುತ್ತಿದ್ದಳಂತೆ. ಈಗ ವೇಗ ಇಳಿಸುವ ಗುಂಡಿಯ ಗೆರೆ ಬೋರ್ಡಿನ ಮೇಲೆ ಇರಲೇ ಇಲ್ಲ. ಅಧ್ಯಾಯ ಬದಲಿಸುವುದೂ ಆಗುವಂತಿರಲಿಲ್ಲ. ಎಲ್ಲಿ ನಿಲ್ಲಿಸಿದ್ದನೋ ಅಲ್ಲಿಂದ, ಯಾವ ವೇಗದಲ್ಲಿ ಇಟ್ಟಿದ್ದನೋ ಅದೇ ವೇಗದಲ್ಲಿ, ಅಷ್ಟೇ.

ಬೋರ್ಡು ತಣ್ಣಗಾದ ಮೇಲೆ ಇನ್ನೊಮ್ಮೆ ಹಚ್ಚಿದೆ. ಈ ಸಲ ನನ್ನ ರೆಕಾರ್ಡರಿಗೆ ತಂತಿ ಕೊಟ್ಟಿದ್ದೆ. ಒಂದು ವಾಕ್ಯ ಬಂತು, ನಿಂತಿತು. ಚಿಪ್ಪಿನ ಹತ್ತಿರ ಕೈ ಇಟ್ಟರೆ ಸುಡುತ್ತಿತ್ತು. ಬೆಸುಗೆ ಎಲ್ಲೋ ಬಿರುಕು ಬಿಟ್ಟಿತ್ತು, ಬಿಸಿಯಾದರೆ ಬಾಯಿ ತೆರೆಯುತ್ತಿತ್ತು. ರೆಕಾರ್ಡ್ ಆದ ಆ ಒಂದು ವಾಕ್ಯವನ್ನು ಕಂಪ್ಯೂಟರಿನಲ್ಲಿ ನಿಧಾನ ಮಾಡಿ ನೋಡಿದೆ. ವೇಗ ಹೆಚ್ಚಿಸುವಾಗ ಪ್ಲೇಯರ್ ದನಿಯ ಸಣ್ಣಸಣ್ಣ ಚೂರುಗಳನ್ನು ಎಸೆದುಬಿಡುತ್ತದೆ. ಎಳೆದು ಉದ್ದ ಮಾಡಿದರೆ ಆ ಚೂರುಗಳು ತಿರುಗಿ ಬರುವುದಿಲ್ಲ. ಬಾವಿಯೊಳಗಿಂದ ಯಾರೋ ಮಾತಾಡಿದ ಹಾಗೆ ಇತ್ತು. ಇದನ್ನು ಆ ತಾಯಿಗೆ ಕೇಳಿಸಬಾರದು ಅಂದುಕೊಂಡು ಅಳಿಸಿದೆ.

ಬೆಂಗಳೂರಿನಲ್ಲಿ ಬೋರ್ಡಿನಿಂದ ಚಿಪ್ಪನ್ನೇ ಎಬ್ಬಿಸಿ ಬೇರೆ ಬೋರ್ಡಿಗೆ ಕೂರಿಸುವವರಿದ್ದಾರೆ. ಪರಿಚಯದ ಒಬ್ಬರಿಗೆ ಫೋಟೋ ಕಳಿಸಿದೆ. ಅವರು ಮುಚ್ಚುಮರೆ ಇಲ್ಲದೆ ಹೇಳಿದರು: "ಇದು ಮೊದಲೇ ಬೆಂದಿದೆ. ನಾನು ಇನ್ನೊಮ್ಮೆ ಬಿಸಿ ಕೊಡಬೇಕು. ಉಳಿದರೆ ಪೂರ್ತಿ ಪುಸ್ತಕ ಸಿಗುತ್ತೆ, ವೇಗ ಗೀಗ ಎಲ್ಲ ಸರಿಯಾಗಿ. ಆದ್ರೆ ಉಳಿಯೋ ನಂಬಿಕೆ ನನಗಿಲ್ಲ. ಹೋದ್ರೆ ಈಗ ಬರ್ತಿರೋ ಆ ಒಂದೆರಡು ಮಾತೂ ಹೋಗುತ್ತೆ."

ಇದನ್ನು ನಾನು ತೀರ್ಮಾನ ಮಾಡುವಂತಿರಲಿಲ್ಲ. ಹುಡುಗನಿಗೆ ಫೋನ್ ಮಾಡಿ ಎರಡೂ ದಾರಿ ಬಿಡಿಸಿ ಹೇಳಿದೆ. ಫೋನಿನಲ್ಲಿ ಅವನ ಹಿಂದೆ ಸೊಪ್ಪು ಕಟ್ಟುವ ಹೆಂಗಸರ ಸದ್ದು ಕೇಳುತ್ತಿತ್ತು.

"ಅಲ್ಲೇನಾರಾ ಆದ್ರೆ ನಾನಿಲ್ದಂಗೆ ಒಂಟೋಗ್ಬುಡ್ತಾಳೆ ಮೇಡಂ," ಅಂದ. "ಆಸ್ಪತ್ರೇಲೂ ಅಂಗೇ ಆಯ್ತು. ನಾಳೆ ಬತ್ತಾಳೆ ಬತ್ತಾಳೆ ಅಂದ್ಬುಟ್ಟು. ಎಷ್ಟ್ ಬತ್ತದೋ ಅಷ್ಟು ಸಾಕು. ಇಲ್ಲಿಗೇ ತನ್ನಿ. ಅವ್ವನೂ ಒಂದ್ಸಲ ಕೇಳ್ಲಿ."

ಫೋನ್ ಇಟ್ಟ ಮೇಲೆ ನಾನು ಅತ್ತೆ. ಆಫೀಸಿನಿಂದ ಪ್ಲೇಯರ್ ಕಳಿಸಿದಿರಾ ಅಂತ ಕೇಳಿದಾಗ, ಈ ವಾರ ಪಾರ್ಸಲ್ ಮಾಡಲು ಪುರುಸೊತ್ತಾಗಿಲ್ಲ ಅಂದೆ.

ಬೆಟ್ಟದಪುರದ ಕಡೆಗೆ ತಿರುಗುವ ರಸ್ತೆಯಲ್ಲಿ ಅವರ ಊರು. ನಾನು ಹೋದಾಗ ಬೆಳಿಗ್ಗೆಯ ಬಿಸಿಲು ಚೆನ್ನಾಗಿ ಏರಿತ್ತು. ಬ್ಯಾರನ್ ಉರಿಯುತ್ತಿತ್ತು. ತಂದೆ ಒಲೆಯ ಹತ್ತಿರವೇ ಕೂತಿದ್ದರು, ಎದ್ದು ಬರಲಿಲ್ಲ, ಕೈ ಮಾತ್ರ ಎತ್ತಿ ಮುಗಿದರು. ಆ ಇಟ್ಟಿಗೆಯ ಅಂಚು ಬರಿದಾಗಿತ್ತು. ಅವತ್ತು ಸೊಪ್ಪು ಕಟ್ಟುವವರಿಗೆ ಬರಬೇಡಿ ಅಂತ ತಾಯಿ ಹೇಳಿದ್ದರಂತೆ.

ಜಗಲಿಯ ಮೇಲೆ ಚಾಪೆ ಹಾಸಿದರು. ಮಣೆಯ ಮೇಲೆ ಬೋರ್ಡು ಇಟ್ಟೆ. ಒಂದು ತಂತಿ ರೆಕಾರ್ಡರಿಗೆ, ಒಂದು ಹುಡುಗನ ಇಯರ್‌ಫೋನಿಗೆ, ಒಂದು ನನ್ನ ಇಯರ್‌ಫೋನಿಗೆ, ಇನ್ನೊಂದು ತಾಯಿಗೆ ಅಂತ ತಂದಿದ್ದ ಸಣ್ಣ ಸ್ಪೀಕರಿಗೆ. ಎಲ್ಲ ಜೋಡಿಸಿ ಆದ ಮೇಲೆ ಮೂವರಿಗೂ ಕೇಳುವಂತೆ ಹೇಳಿದೆ: "ಇದು ಬಿಸಿಯಾದ್ರೆ ನಿಂತುಹೋಗುತ್ತೆ. ಮತ್ತೆ ಹೊತ್ತಿಕೊಳ್ಳುತ್ತೆ ಅಂತ ಹೇಳಕ್ಕಾಗಲ್ಲ."

"ಬಿಸಿಯಾಗ್ಬಾರ್ದಾ?" ಅಂದರು ತಾಯಿ. ಒಳಗೆ ಹೋಗಿ ಮೊರ ತಂದರು. ಬೋರ್ಡಿನ ಪಕ್ಕದಲ್ಲಿ ಕೂತು ಬೀಸತೊಡಗಿದರು. ಜ್ವರ ಬಂದ ಮಗುವಿಗೆ ಬೀಸುವ ಹಾಗೆ, ಗಾಳಿ ಜೋರಾಗದಂತೆ, ನಿಲ್ಲದಂತೆ.

ಬ್ಯಾಟರಿ ಸಿಕ್ಕಿಸಿದೆ. ಚಿಮಟದಿಂದ ಬಿಂದುಗಳನ್ನು ಕೂಡಿಸಿದೆ. ಟಿಣ್ ಅಂತು.

ಅವಳು ಬಂದಳು. ಬೇಡಿಕೆಯ ಪಾಠ. ಒಂದು ವಸ್ತುವಿನ ಬೆಲೆ ಏರಿದಾಗ ಜನ ಅದನ್ನು ಕೊಳ್ಳುವುದು ಕಡಿಮೆಯಾಗುತ್ತದೆ ಅನ್ನುವುದನ್ನು ಹೇಳುತ್ತಿದ್ದಳು. ಹುಡುಗನ ಮುಖ ಅರಳಿತು. ಅವನಿಗೆ ಅದು ಅವಳೇ, ಒಂದು ಕೂದಲೂ ಆಚೀಚೆ ಇಲ್ಲದೆ ಅವಳೇ. ಅಕ್ಕನ ದನಿ ಅಂದರೆ ಅವನ ಕಿವಿಗೆ ಈ ವೇಗವೇ ಆಗಿಹೋಗಿತ್ತು. ತುಟಿ ಅವಳ ಜೊತೆಗೇ ಅಲುಗುತ್ತಿತ್ತು.

ತಾಯಿ ಮೊರ ಬೀಸುತ್ತ ಸ್ಪೀಕರಿನ ಕಡೆ ಬಗ್ಗಿದರು. ಹುಬ್ಬು ಗಂಟಿಕ್ಕಿತು.

"ಇದ್ಯಾರು ಕಣಪ್ಪ?" ಅಂದರು. "ಇದು ನಮ್ಮವ್ಳಲ್ಲ."

"ಅಕ್ಕನೇ ಕಣವ್ವ."

"ಅಲ್ಲ. ನನ್ ಮಗ್ಳು ಇಂಗೆ ಮಾತಾಡ್ತಿರ್ಲಿಲ್ಲ. ಇದೇನಿದು, ಯಾರೋ ಅಟ್ಟಿಸ್ಕೊಂಡ್ ಬಂದಂಗೆ." ನನ್ನ ಕಡೆ ತಿರುಗಿದರು. "ನಿಧಾನ ಮಾಡವ್ವ ಒಸಿ. ಬೇಡ್ಕೊತೀನಿ."

"ಆಗಲ್ಲ ಅಮ್ಮ," ಎಂದೆ. ಆ ಗುಂಡಿ ಬೆಂದುಹೋಗಿದೆ ಅಂತ ಹೇಳಬೇಕಾಗಿತ್ತು. ಹೇಳಿದ್ದರೆ ಅದು ಎಲ್ಲಿ ಬೆಂದಿತು ಅನ್ನುವ ಮಾತೂ ಅದರ ಹಿಂದೆಯೇ ಬರುತ್ತಿತ್ತು. ಆದರೂ ಅವರಿಗೆ ಗೊತ್ತಾಯಿತು. ಬ್ಯಾರನ್ ಕಡೆ ಒಮ್ಮೆ ನೋಡಿದರು. ಕಣ್ಣಿಂದ ನೀರು ಇಳಿದು ಗಲ್ಲಕ್ಕೆ ಬಂದರೂ ಮೊರದ ಕೈ ಬಿಡಲಿಲ್ಲ.

"ಅದ್ನ ಆರ್ಸವ್ವ," ಅಂತ ಸ್ಪೀಕರ್ ತೋರಿಸಿದರು. "ನಂಗ್ ಕೇಳಕ್ಕಾಗಕಿಲ್ಲ. ಅವ್ನ್ ಕೇಳ್ಕಳ್ಲಿ."

ಸ್ಪೀಕರ್ ಆರಿಸಿದೆ. ಈಗ ಅವಳು ಹುಡುಗನ ಕಿವಿಯಲ್ಲೂ ನನ್ನ ಕಿವಿಯಲ್ಲೂ ಮಾತ್ರ ಇದ್ದಳು. ಹುಡುಗ ಕೈ ಚಾಚಿ ತಡಕಾಡಿ ತಾಯಿಯ ಮೊಣಕಾಲು ಹಿಡಿದ.

"ಅವ್ವ, ನಾನೇಳ್ತೀನಿ, ಕೇಳು. ಏನೇನಂತಾಳೋ ಅಂಗಂಗೇ ಹೇಳ್ತೀನಿ."

ಹೇಳತೊಡಗಿದ. ಅವಳು ಓಡುತ್ತಿದ್ದಳು, ಇವನು ಹಿಂದೆ ನಿಧಾನವಾಗಿ ನಡೆಯುತ್ತಿದ್ದ. ‘ಉಪ್ಪಿನಂತಹ ವಸ್ತುವಿಗೆ ಮಾತ್ರ, ಬೆಲೆ ಏರಿದರೂ ಬೇಡಿಕೆ ಹೆಚ್ಚು ಕುಗ್ಗುವುದಿಲ್ಲ. ಏಕೆಂದರೆ ಅದಿಲ್ಲದೆ ನಡೆಯುವುದಿಲ್ಲ.’ ಓದುವಾಗ ಅ ಕಾರವನ್ನು ಸ್ವಲ್ಪ ಎಳೆಯುವುದು, ಪೂರ್ಣವಿರಾಮದ ಹತ್ತಿರ ದನಿ ಇಳಿಸುವುದು, ಎಲ್ಲ ಅವಳದೇ. ಬ್ಯಾರನ್ನಿನಲ್ಲಿ ನಾನು ಕೂತು ಕೇಳಿದ್ದ ಓದು ಅದು. ತಾಯಿ ತಲೆ ಎತ್ತಿದರು. ಅವರ ಮುಖದ ಗಂಟು ಮೆಲ್ಲಗೆ ಸಡಿಲವಾಯಿತು.

"ಇಂಗೇ," ಅಂದರು. "ಇಂಗೇ ಓದ್ತಿದ್ಲು."

ನನ್ನ ಕಿವಿಯಲ್ಲಿ ಒಂದು ಕರಕರ ಸದ್ದು ಬಂತು. ಆಮೇಲೆ ಏನೂ ಇಲ್ಲ. ಬೋರ್ಡಿನ ಸಣ್ಣ ದೀಪ ಆರಿತ್ತು. ಚಿಮಟ ಒತ್ತಿದೆ, ಬ್ಯಾಟರಿ ತೆಗೆದು ಹಾಕಿದೆ, ಮತ್ತೆ ಒತ್ತಿದೆ. ಏನೂ ಬರಲಿಲ್ಲ. ಈ ಸಲ ಬರುವುದಿಲ್ಲ ಅಂತ ನನ್ನ ಕೈಗೇ ತಿಳಿಯಿತು. ಹುಡುಗನ ಕಡೆ ನೋಡಿದೆ. ಅವನಿಗೂ ಕೇಳಿಸುವುದು ನಿಂತಿತ್ತು. ಕತ್ತಿನ ನರ ಎದ್ದು ನಿಂತಿತ್ತು. ಆದರೆ ಬಾಯಿ ನಿಲ್ಲಿಸಿರಲಿಲ್ಲ. ಪಾಠ ಅವನಿಗೆ ಬಾಯಿಪಾಠ ಇತ್ತು. ಉಪ್ಪು ಮುಗಿದು ಅಕ್ಕಿಗೆ ಬಂದ, ಅಕ್ಕಿ ಮುಗಿದು ಸೀಮೆಎಣ್ಣೆಗೆ ಬಂದ. ಬರಿದಾದ ಇಯರ್‌ಫೋನನ್ನು ಎರಡೂ ಕಿವಿಗೆ ಒತ್ತಿ ಹಿಡಿದುಕೊಂಡು, ಒಂದು ಅಕ್ಷರವೂ ತಪ್ಪದೆ ಹೇಳುತ್ತ ಹೋದ. ನಡುವೆ ಒಂದು ಕಡೆ ತಟ್ಟನೆ ನಿಂತ. ಏನೋ ಹೊಸದು ಕೇಳಿಸಿದವನ ಹಾಗೆ ತಲೆ ವಾಲಿಸಿದ.

"ಅವ್ವ," ಅಂದ. "ನೀನು ಕೂಗಿದ್ದಿಯಲ್ಲ, ಊಟಕ್ಕೆ. ಅದು ಇಲ್ಲಿ ಅದೆ. ‘ಬಂದೆ ಕಣವ್ವ, ಇದೊಂದು ಪುಟ’ ಅಂತವ್ಳೆ."

ಮೊರ ಒಂದು ಗಳಿಗೆ ನಿಂತಿತು. ನಾನು ಬೋರ್ಡಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು, ಅದರೊಳಕ್ಕೆ ಏನೂ ಹೋಗುತ್ತಿರಲಿಲ್ಲ.

"ನಿಧಾನ್ಕೆ ಬಾ ಮಗಾ," ಅಂದರು ತಾಯಿ, ಆ ಸುಟ್ಟ ಬೋರ್ಡಿಗೆ. "ಅವಸ್ರ ಇಲ್ಲ. ಓದ್ಕಂಡು ಬಾ."

ಮತ್ತೆ ಮೊರ ಬೀಸತೊಡಗಿದರು. ಹುಡುಗ ಪಾಠ ಮುಂದುವರಿಸಿದ. ಬೋರ್ಡು ಆಗಲೇ ತಣ್ಣಗಾಗಿತ್ತು.